ದಾಸವಾಳಕ್ಕೆ ಮೂರು ನಿಂಬೆಹಣ್ಣು

ನಮ್ಮ ಮದ್ದೂರಿನಲ್ಲಿ ಬೆಳಗಿನ ಹೊತ್ತು ಭಕ್ತಿ ಉಕ್ಕಿ ಹರಿಯುತ್ತದೆ. ಬೇಡ ಅಂದವರು ಯಾರು? ನನ್ನ ತಕರಾರು ಇಷ್ಟೇ, ಅದು ನನ್ನ ಕಾಂಪೌಂಡಿನ ಮೇಲೇ ಯಾಕೆ ಹರಿಯಬೇಕು? ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಬರುವ ಮಹನೀಯರು ಗೋಡೆಯ ಮೇಲಿಂದ ಕೈ ಚಾಚಿ, ನನ್ನ ಹೂವನ್ನು ತಮ್ಮ ದೇವರಿಗೆ ಕೊಯ್ದುಕೊಂಡು ಹೋಗುತ್ತಾರೆ. (ನಮ್ಮ ದೇವರು ಬರೀ ಅಕ್ಷತೆಯಲ್ಲಿ ದಿನ ದೂಡುತ್ತಾನೆ.) ಅದನ್ನೂ ಸಹಿಸಿದೆ. ಆಮೇಲೆ ಕುಂಡಗಳೇ ಹೋಗತೊಡಗಿದವು. ಮೊದಲು ಕನಕಾಂಬರ, ಆಮೇಲೆ ಮನಿಪ್ಲಾಂಟು, ಯುಗಾದಿ ಕಳೆಯುತ್ತಿದ್ದ ಹಾಗೆ ಬಟನ್ ರೋಜು. ಕದ್ದು ನೆಟ್ಟ ಗಿಡ ಚೆನ್ನಾಗಿ ಹತ್ತುತ್ತದೆ ಅಂತ ಯಾವ ಪುಣ್ಯಾತ್ಮ ಹೇಳಿಟ್ಟನೋ, ನಮ್ಮ ಬೀದಿಯವರು ಅದನ್ನು ವೇದವಾಕ್ಯ ಮಾಡಿಕೊಂಡಿದ್ದಾರೆ.

ಉಳಿದಿದ್ದು ಒಂದೇ, ನಮ್ಮವ್ವ ಅಂಕಮ್ಮ ಮಳವಳ್ಳಿಯಿಂದ ತಂದುಕೊಟ್ಟ ಕೇಸರಿ ಬಣ್ಣದ ಮುದ್ದೆ ದಾಸವಾಳ. ಕೊಡುವಾಗಲೇ ಅವ್ವ ಹಂಗಿಸಿದ್ದಳು: "ನಿನ್ ಕೈಲಿ ಒಂದ್ ಗಿಡ ಉಳ್ದಿದ್ದುಂಟಾ ವನಜಾ? ಗೌರಿ ಹಬ್ಬಕ್ಕೆ ಬಾಗಿನ ತಕ್ಕೊಂಡು ಬತ್ತೀನಿ. ಆಗ ಇದು ಕಣ್ಣಿಗೆ ಬೀಳ್ಬೇಕು, ಅಷ್ಟೆಯ." ಅಂದರೆ ಪ್ರಶ್ನೆ ಗಿಡದ್ದಲ್ಲ, ನನ್ನ ಮರ್ಯಾದೆಯದು.

"ಒಳಗೆ ತಂದಿಟ್ಕೊ," ಅಂದರು ನಮ್ಮ ಯಜಮಾನರು ಸಿದ್ದೇಶ್. ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಅಲ್ಲಿ ಎಲ್ಲರೂ ಅವರ ಮಾತು ಕೇಳುತ್ತಾರಂತೆ, ಪಾಪ.

"ಕಳ್ಳರು ಹೊರಗೆ ಓಡಾಡ್ಕೊಂಡಿರಬೇಕು, ಗಿಡ ಜೈಲಲ್ಲಿರಬೇಕಾ? ಗೇಟಿನ ಪಕ್ಕದಲ್ಲೇ ಇರುತ್ತೆ ಕಣ್ರೀ. ಎದೆ ಸೆಟೆಸಿಕೊಂಡು ಇರುತ್ತೆ!"

ಕುಂಡಕ್ಕೆ ಕಬ್ಬಿಣದ ಸರಪಳಿ ಬಿಗಿದೆ. ಮರುದಿನ ಗಿಡ ಇತ್ತು, ಸರಪಳಿ ಇರಲಿಲ್ಲ. ನಾನೇನು ಸೋಲುವವಳೇ? ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ ಮೂರು ನಿಂಬೆಹಣ್ಣು ಕೊಯ್ದು, ಕುಂಕುಮ ಮೆತ್ತಿ, ದಾಸವಾಳದ ಬುಡದಲ್ಲಿಟ್ಟೆ. ಕಾಂಡಕ್ಕೆ ಕೆಂಪು ದಾರ, ಸುತ್ತ ಒಣಮೆಣಸಿನಕಾಯಿ, ಎರಡು ಒಡೆದ ಕರಿಬಳೆ. ದೂರ ನಿಂತು ನೋಡಿದರೆ ನನ್ನ ಮೈಯೇ ಜುಮ್ಮೆಂದಿತು. (ಕಲೆ ಅಂದರೆ ಅದು.)

"ಲೇ, ಡಿಗ್ರಿ ಮಾಡಿರೋಳು ನೀನು. ಈ ಮಾಟ ಗೀಟ ನಂಬ್ತೀಯಾ?" ಅಂದರು ಯಜಮಾನರು.

"ನಾನು ನಂಬಲ್ಲ ಕಣ್ರೀ. ಕಳ್ಳರು ನಂಬ್ತಾರಲ್ಲ, ಸಾಕು."

"ನಮ್ಮವ್ವಂಗೆ ಒಂದ್ ಮಾತು ಹೇಳ್ಬುಡು ಮತ್ತೆ."

ಅತ್ತೆ ದೇವಿರಮ್ಮನವರು ಯಲಿಯೂರಿನ ಮಗಳ ಮನೆಗೆ ಹೋಗಿದ್ದರು. ಅವರಿಗೆ ಫೋನಿನಲ್ಲಿ ಹೇಳಿದ ಗುಟ್ಟು ಸಂಜೆಯೊಳಗೆ ಮದ್ದೂರು ವಡೆಯ ಜೊತೆ ರೈಲು ಹತ್ತಿ ಮೈಸೂರು ತಲುಪುತ್ತದೆ. ಹಬ್ಬದ ಹಿಂದಿನ ದಿನ ತಾನೇ ಬರುವುದು, ಅಷ್ಟರಲ್ಲಿ ಎಲ್ಲ ತೆಗೆದುಬಿಡೋಣ ಅಂತ ಸುಮ್ಮನಾದೆ.

ಏನು ಫಲ ಅಂತೀರಿ! ವಾಕಿಂಗ್ ಭಕ್ತರು ಎದುರು ಬದಿಗೆ ದಾಟಿಕೊಂಡು, ಕಣ್ಣು ನೆಲಕ್ಕೆ ಹಾಕಿ ಓಡುತ್ತಿದ್ದರು. ಹಾಲಿನವನು ಹಾಲನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದ. ಹೋಗಲಿ ಬಿಡಿ. ನನ್ನ ದಾಸವಾಳ ಮಾತ್ರ ಮೈತುಂಬ ಮೊಗ್ಗು ಹೊತ್ತು ನಿಂತಿತು. ನಾನು ಬೇಕೆಂದೇ ಗೇಟಿನಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ.

ಹಬ್ಬಕ್ಕೆ ಇನ್ನೂ ನಾಲ್ಕೈದು ದಿನ ಇರುವಾಗ ಬಾಗಿನದ ಸಾಮಾನು ತರಲು ಪೇಟೆಗೆ ಹೋಗಿ ಬಂದೆ. ನೋಡಿದರೆ ಗೇಟಿಗೆಲ್ಲ ಅರಿಶಿನದ ನೀರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ನಿಂತಿದ್ದಾರೆ. ದಾಸವಾಳ ಇದ್ದ ಜಾಗ ಖಾಲಿ.

"ಅಲ್ಲೇ ನಿಂತ್ಕೊ ಮಗ, ಕಾಲಿಗೆ ನೀರ್ ಉಯ್ತೀನಿ! ಯಾವಳೋ ಮನೆಹಾಳಿ ನಮ್ ಮನೆಗೆ ಮಾಟ ಮಾಡ್ಸವ್ಳೆ. ನಾನ್ ಬೇಗ ಬಂದಿದ್ದು ಒಳ್ಳೇದಾಯ್ತು ನೋಡು."

"ಅತ್ತೆ, ಗಿಡ?"

"ಮಾಟ ತಾಕಿದ್ ಗಿಡವ ಮನೇಲಿ ಮಡಿಕತ್ತಾರಾ? ಕುಂಡದ ಸಮೇತ ಒತ್ಕಂಡೋಗಿ ಮೂರ್ದಾರಿ ಕೂಡೋ ತಾವ ಮಡ್ಗಿ, ಇಂತಿರುಗಿ ನೋಡ್ದೆ ಬಂದೆ. ಮಾಡ್ಸಿದೋಳ ಕೈ ಸೇದೋಗ!"

ನಾನು ಮೆಲ್ಲಗೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಏನೋ ನೆಪ ಹೇಳಿ ಮೂರುದಾರಿಗೆ ಓಡಿದೆ. ಮಣ್ಣಿನ ಮೇಲೆ ಕುಂಡದ ಗುರುತು ಮಾತ್ರ ಇತ್ತು. ಅಳು ಬಂತು. ನಿಜ ಹೇಳುತ್ತೇನೆ, ಬೀದಿಯಲ್ಲೇ ಅತ್ತುಬಿಟ್ಟೆ.

ಗೌರಿ ಹಬ್ಬದ ದಿನ ಅವ್ವ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು: "ಆ ಕೊನೆ ಮನೆ ಬೆಳ್ಳಮ್ಮನ ಬಾಗ್ಲಲ್ಲಿ ನಮ್ಮಂಥದ್ದೇ ದಾಸವಾಳ ಕಣವ್ವ. ಏನ್ ಹೂವು, ಏನ್ ಹೂವು! ಎಂಗ್ ಸಾಕವ್ಳೆ ನೋಡಿ ಕಲ್ತ್ಕೊ. ನಿಂದೆಲ್ಲಿ?"

ಹಿಂದೆ ಅತ್ತೆ ಕಿವಿ ನಿಮಿರಿಸಿಕೊಂಡು ನಿಂತಿದ್ದರು. ನಿಜ ಹೇಳಿದರೆ ಮಾಟಗಾತಿ, ಸುಳ್ಳು ಹೇಳಿದರೆ ಕೈಲಾಗದವಳು. "ಕಳುವಾಯ್ತು," ಅಂದೆ.

"ನಂಗೊತ್ತಿತ್ತು," ಅಂದಳು ಅವ್ವ. ಯಜಮಾನರು ಕಡುಬು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಣಿಯುತ್ತಿತ್ತು.

ಊಟವಾದ ಮೇಲೆ ಸೀದಾ ಬೆಳ್ಳಮ್ಮನ ಮನೆಗೆ ಹೋದೆ. ಆಕೆ ಮುಚ್ಚುಮರೆಯೇ ಇಲ್ಲದೆ, "ಮೂರ್ದಾರೀಲಿ ಬಿದ್ದಿತ್ತು. ಎಲ್ಲಾ ಎದರ್ಕಂಡು ದೂರ ನಿಂತಿದ್ರು. ನಾನ್ ಎತ್ಕಬಂದೆ. ಯಾಕಮ್ಮಿ, ನೀನೇ ನಿಂಬೆಹಣ್ ಮಡ್ಗಿ ಬಿಸಾಕಿದ್ದಾ?" ಅಂದಳು.

"ಛೆ ಛೆ, ನಾನ್ಯಾಕೆ!" ಅಂದು ವಾಪಸು ಬಂದೆ.

ಆದರೆ ಮಳವಳ್ಳಿಯ ರಕ್ತ ಸುಮ್ಮನಿರುತ್ತದೆಯೇ? ಕದ್ದ ಗಿಡ ತಾನೇ ಚೆನ್ನಾಗಿ ಹತ್ತುವುದು? ಒಂದು ಕೊಂಬೆ ಸಾಕು. ನನ್ನ ಗಿಡವನ್ನು ನಾನು ಕದ್ದರೆ ಅದು ಕಳ್ಳತನವಲ್ಲ, ಸ್ವಾತಂತ್ರ್ಯ ಹೋರಾಟ! ಯಜಮಾನರಿಗೆ ಹಾಗಂತ ಘೋಷಿಸಿ, ಮಾರನೇ ಬೆಳಿಗ್ಗೆ ಸೆರಗಿನಲ್ಲಿ ಚಾಕು ಮುಚ್ಚಿಕೊಂಡು ಹೊರಟೆ.

ಬೆಳ್ಳಮ್ಮನ ಗೇಟು ತೆರೆದೇ ಇತ್ತು. ದಾಸವಾಳ ಕೈಗೆಟಕುವಷ್ಟು ಹತ್ತಿರ. ಬುಡದಲ್ಲಿ ಮೂರು ನಿಂಬೆಹಣ್ಣು, ಕುಂಕುಮ, ಕೆಂಪು ದಾರ. ಜೊತೆಗೆ ಒಂದು ಕೋಳಿಮೊಟ್ಟೆ.

ಇದು ನನ್ನದೇ ಕಲೆಯ ನಕಲು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಜ್ಜೆ ಇಡು ವನಜಾ, ಅಂದುಕೊಂಡೆ. ಕಾಲು ಏಳಲಿಲ್ಲ. ಆ ಮೊಟ್ಟೆ ನನ್ನನ್ನೇ ನೋಡುತ್ತಿತ್ತು.

ಒಳಗಿನಿಂದ ಪೊರಕೆ ಹಿಡಿದು ಬೆಳ್ಳಮ್ಮ ಬಂದಳು. "ಯಾಕಮ್ಮಿ, ಅಂಗೇ ನಿಂತ್ಬುಟ್ಟೆ? ಓ, ಅದಾ! ನಾನ್ ನಂಬಲ್ಲ ಕಣವ್ವ. ಕಳ್ರು ನಂಬ್ತಾರಲ್ಲ!"

ಮನೆಗೆ ಬಂದರೆ ಯಜಮಾನರು ಗೇಟಿನಲ್ಲೇ ಕಾಯುತ್ತಿದ್ದರು. "ಎಲ್ಲಿ, ಸ್ವಾತಂತ್ರ್ಯ ಬಂತಾ?"

"ಗಣೇಶನ ಹಬ್ಬದ ದಿನ ಹೂವಿನ ಗಿಡಕ್ಕೆ ಚಾಕು ತಾಗಿಸಬಾರದು. ಅಷ್ಟೂ ಗೊತ್ತಿಲ್ವಾ ನಿಮಗೆ?" ಅಂದು ತಲೆಯೆತ್ತಿಕೊಂಡೇ ಒಳಗೆ ನಡೆದೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆಯ ಮುಂದೆ ಕೂತೆ.

"ಅತ್ತೆ, ಒಸಿ ಉಪ್ಪು ಮೆಣಸಿನಕಾಯಿ ನಿವಾಳಿಸ್ಬುಡಿ."

"ಯಾಕ್ ಮಗ, ಏನಾಯ್ತು?"

"ಏನಿಲ್ಲ. ನಾನು ಇದನ್ನೆಲ್ಲ ನಂಬಲ್ಲ. ಸುಮ್ನೆ ಇರಲಿ ಅಂತ."

ಅತ್ತೆ ಮುಷ್ಟಿ ತುಂಬ ಉಪ್ಪು ಹಿಡಿದು ನನ್ನ ತಲೆಯ ಸುತ್ತ ತಿರುಗಿಸತೊಡಗಿದರು. "ಕಂಡೋರ ಕಣ್ಣು, ಕೆಟ್ಟೋರ ಕಣ್ಣು... ಆ ಮಾಟ ಮಾಡ್ಸಿದ ಮನೆಹಾಳಿ ಕೈ..."

"ಅತ್ತೆ," ಅಂದೆ ಮೆಲ್ಲಗೆ, "ಕೈ ವಿಷ್ಯ ಬುಟ್ಬುಡಿ. ಕಣ್ಣಿಗಷ್ಟೇ ನಿವಾಳಿಸಿ."