ಎರಡು ಜಡೆಗಾಗಿ ಕುರುಗೋಡು ಸುತ್ತಿದ್ದು

ಹೆಂಡತಿ ಶಾರದಾ ಮಗಳನ್ನು ಕರೆದುಕೊಂಡು ಸಿರುಗುಪ್ಪದ ತವರಿಗೆ ಹೊರಟಾಗ ನಾನು ಬಹಳ ಧೈರ್ಯದಿಂದಲೇ ಕೈ ಬೀಸಿದೆ. ಅವಳ ತಂಗಿಗೆ ಕುಬಸದ ಕಾರ್ಯ. ಬಸುರಿಗೆ ಹೊಸ ಸೀರೆ, ಕುಪ್ಪಸ ಕೊಟ್ಟು, ಬಳೆ ತೊಡಿಸಿ, ಉಡಿ ತುಂಬುವ ಆ ಸಂಭ್ರಮದಲ್ಲಿ ಗಂಡಸರಿಗೆ ಊಟ ಮಾಡುವುದರ ಹೊರತು ಬೇರೆ ಹುದ್ದೆ ಇರುವುದಿಲ್ಲ. ಮೇಲಾಗಿ ಬಳ್ಳಾರಿಯಲ್ಲಿ ನನ್ನದೊಂದು ಅಂಗಡಿ ಇದೆ. ಜೀನ್ಸ್ ಹೊಲಿಯುವವರಿಗೆ ಗುಂಡಿ, ಜಿಪ್, ದಾರ ಮಾರುತ್ತೇನೆ. ನಾನು ಬಾಗಿಲು ಹಾಕಿದರೆ ಊರಿನ ಅರ್ಧ ಪ್ಯಾಂಟುಗಳು ಜಿಪ್ ಇಲ್ಲದೆ ನಿಂತುಹೋಗುತ್ತವೆ ಎಂಬುದು ನನ್ನ ನಂಬಿಕೆ. ಬೇರೆ ಯಾರೂ ಇದನ್ನು ನಂಬಿಲ್ಲ.

"ಒಬ್ಬರ ಇರ್ತೀರೇನ್ರೀ?" ಎಂದಳು ಶಾರದಾ.

"ನಾನೇನ್ ಸಣ್ಣ ಹುಡುಗನೇನ? ಅಡಿಗಿ ಬರ್ತೈತಿ, ಬಟ್ಟಿ ಒಗಿಯಾಕ ಬರ್ತೈತಿ. ನೀವು ಆರಾಮ ಹೋಗಿ ಬರ್ರಿ."

ನಮ್ಮ ಮಗಳು ಮಲ್ಲಿಯ ವಿಷಯ ಸ್ವಲ್ಪ ಹೇಳಬೇಕು. ಅವಳನ್ನು ನಾವು ದತ್ತು ತೆಗೆದುಕೊಂಡಾಗ ಅವಳಿಗೆ ಐದು ವರ್ಷ. ಮೊದಮೊದಲು ನಾನು ಅಂಗಡಿಗೆ ಹೊರಟರೆ ಬಾಗಿಲಿಗೆ ಅಡ್ಡ ನಿಂತು, "ಮತ್ತ ಬರ್ತೀಯಲ್ಲ?" ಎಂದು ಕೇಳುತ್ತಿದ್ದಳು. ಹಾಲು ತರಲು ಹೊರಟರೂ ಅದೇ ಪ್ರಶ್ನೆ. ಕಸ ಚೆಲ್ಲಲು ಹೊರಟರೂ ಅದೇ ಪ್ರಶ್ನೆ. ಪ್ರತಿ ಸಲವೂ ನಾನು ನಿಂತು, "ಬರ್ತೀನವ್ವ, ಬಂದ ಬರ್ತೀನಿ" ಎಂದು ಮಾತು ಕೊಟ್ಟು ಹೋಗುತ್ತಿದ್ದೆ. ಈಗ ಎರಡು ವರ್ಷ ಕಳೆದಿದೆ. ಅವಳು ನನ್ನನ್ನು ಬಿಟ್ಟು ಬೇರೆ ಊರಿಗೆ ಹೊರಟದ್ದು ಇದೇ ಮೊದಲು. ಆಟೋ ಹತ್ತುವಾಗ ಆ ಪ್ರಶ್ನೆ ಬಂದೇ ಬರುತ್ತದೆಂದು ಗಂಟಲು ಸರಿಮಾಡಿಕೊಂಡು ನಿಂತಿದ್ದೆ.

"ಅಪ್ಪಾ, ಗ್ಯಾಸ್ ಬಂದ್ ಮಾಡೋದು ಮರೀಬ್ಯಾಡ" ಎಂದಳು. ಆಟೋ ಹೊರಟೇಹೋಯಿತು!

ಮೊದಲ ದಿನ ಅನ್ನ ಮಾಡಿದೆ. ಅದು ಗಂಜಿಯಾಯಿತು. ಮರುದಿನ ಗಂಜಿಯನ್ನೇ ಮಾಡೋಣವೆಂದು ಇಟ್ಟೆ. ಅದು ತಳ ಹತ್ತಿತು. ಆಮೇಲೆ ಪಾರ್ವತಿನಗರದ ತಿರುವಿನಲ್ಲಿರುವ ಮಂಡಕ್ಕಿ ಒಗ್ಗರಣೆ-ಮಿರ್ಚಿ ಗಾಡಿಯ ಮುಂದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಾಜರಿ ಹಾಕತೊಡಗಿದೆ. ಪಕ್ಕದ ಮನೆಯ ರುದ್ರಮ್ಮ, "ಊಟ ಕಳಸ್ಲೇನ ತಮ್ಮಾ?" ಎಂದರೆ, "ಬ್ಯಾಡ ಅಕ್ಕಾರ, ಮನಿಯಾಗ ಎಲ್ಲಾ ಮಾಡೀನಿ" ಎಂದು ಮಿರ್ಚಿ ತಿಂದ ಬಾಯಿಯಿಂದಲೇ ಘನತೆಯಿಂದ ನಿರಾಕರಿಸುತ್ತಿದ್ದೆ.

ಊಟದ ಕಷ್ಟ ನಿಜವಾದ ಕಷ್ಟವಲ್ಲ. ಬೆಳಗಿನ ಹೊತ್ತು ಕೈಗೆ ಕೆಲಸವಿರಲಿಲ್ಲ, ಅದೇ ಕಷ್ಟ. ಶಾರದಾ ಸಂಗನಕಲ್ಲಿನ ಆಚೆ ಒಂದು ಹಳ್ಳಿಯಲ್ಲಿ ಟೀಚರ್. ಬೆಳಿಗ್ಗೆ ಬೇಗ ಬಸ್ ಹಿಡಿಯುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಜಡೆಯ ಖಾತೆ ನನ್ನದು. ಶುರುವಿನಲ್ಲಿ ನನ್ನ ಜಡೆ ಶಾಲೆ ಮುಟ್ಟುವ ಮೊದಲೇ ಬಿಚ್ಚಿಹೋಗುತ್ತಿತ್ತು. ಈಗ ಹಾಗಲ್ಲ. ನಾನು ಹಾಕಿದ ಜಡೆ ಜೀನ್ಸ್ ಹೊಲಿಗೆ ಇದ್ದಂತೆ. ಬಟ್ಟೆ ಹರಿದೀತು, ಹೊಲಿಗೆ ಬಿಚ್ಚದು!

ಕುಬಸದ ದಿನ ಬೆಳಿಗ್ಗೆ ಶಾರದಾಳ ವಿಡಿಯೋ ಕಾಲ್ ಬಂತು.

"ರೀ, ನಿಮ್ಮ ಮಗಳ ಕಥಿ ಕೇಳ್ರಿ. ತಲಿ ಮುಟ್ಟಿಸಿಕೊಳ್ಳವಲ್ಲಳು. ನಾ ಹಾಕಿದ್ರ ಸಡಲ ಅಂತ, ನಮ್ಮವ್ವ ಹಾಕಿದ್ರ ಎಳೀತಾಳಂತ. ಅಪ್ಪನ ಜಡಿನ ಬೇಕಂತ. ಹೆಂಗ ಹಾಕ್ತೀರಿ, ಒಂದೀಟು ತೋರಸ್ರಿ."

ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ನನ್ನದೇ ಅಂಗಡಿಯದಾದ್ದರಿಂದ ಮಾತ್ರ ಉಳಿಯಿತು. "ಒಂದ ನಿಮಿಷ ತಡಿ" ಎಂದೆ. ಜಡೆ ತೋರಿಸಲು ಕೂದಲು ಬೇಕು. ನನ್ನ ತಲೆಯ ಮೇಲೆ ಆ ಸಾಮಗ್ರಿ ಉಳಿದಿಲ್ಲ. ರುದ್ರಮ್ಮನವರನ್ನು ಕೇಳುವ ಹಾಗಿಲ್ಲ. ಸುತ್ತ ನೋಡಿದೆ. ಮೂಲೆಯಲ್ಲಿ ನೆಲ ಒರೆಸುವ ಮಾಪು ನಿಂತಿತ್ತು. ಉದ್ದುದ್ದ ಎಳೆ! ಸೊಂಪಾದ ಬೆಳವಣಿಗೆ!

ಮಾಪನ್ನು ತಲೆಕೆಳಗು ಮಾಡಿ ಕಿಟಕಿಯ ಸರಳಿಗೆ ಕಟ್ಟಿದೆ. ಫೋನನ್ನು ಎದುರಿನ ಸ್ಟೂಲಿನ ಮೇಲೆ ತಂಬಿಗೆಗೆ ಆನಿಸಿ ನಿಲ್ಲಿಸಿದೆ. ಬೈತಲೆ ತೆಗೆದೆ. "ಮೊದಲು ಎರಡು ಭಾಗ. ಇದು ಬಲಗಡೆ, ಇದು ಎಡಗಡೆ. ಈಗ ಒಂದೊಂದನ್ನೂ ಮೂರು ಎಳಿ ಮಾಡೂದು. ಬಿಗಿ ಹಿಡೀಬೇಕು, ಆದ್ರ ಮಗುಗ ನೋವಾಗಬಾರ್ದು" ಎಂದು ಮಾಪಿನ ನೆತ್ತಿಯನ್ನು ಪ್ರೀತಿಯಿಂದ ಸವರಿದೆ. ಅತ್ತ ಫೋನಿನಲ್ಲಿ ಒಂದೊಂದೇ ಮುಖ ಹೆಚ್ಚಾಗತೊಡಗಿತು. ಅತ್ತೆ ಬಂದರು. ಬಸುರಿ ನಾದಿನಿ ಬಂದಳು. ಬಳೆಗಾರ್ತಿ ಬಂದಳು. "ಯವ್ವಾ, ಅಳಿಯಂದಿರು ಮಾಪಿಗೆ ಜಡಿ ಹಾಕಾಕ ಹತ್ಯಾರ!" ಎಂದು ಯಾರೋ ಕೂಗಿದರು. ನಗುವಿನ ಅಬ್ಬರಕ್ಕೆ ಫೋನು ನಡುಗಿತು. ತಂಬಿಗೆ ಜಾರಿತು. ಆಗ ಮಲ್ಲಿಯ ಮುಖ ಹತ್ತಿರ ಬಂದು, "ಅಪ್ಪಾ, ನೀ ಬರ…" ಎಂದಿತು.

ಅಷ್ಟರಲ್ಲಿ ಫೋನು ಕೆಳಗಿದ್ದ ಮಾಪಿನ ನೀರಿನ ಬಕೆಟ್ಟಿಗೆ ಬಿತ್ತು. ಗುಳುಂ!

"ನೀ ಬರಬೇಕು" ಎಂದಳು ಮಗಳು! ಪೂರ್ತಿ ಕೇಳಿಸಲಿಲ್ಲ, ಆದರೆ ತಂದೆಯ ಕರುಳಿಗೆ ಕೇಳಿಸಿತು. ನಾನು ಉತ್ತರ ಕೊಡುವ ಮೊದಲೇ ಫೋನು ಸತ್ತಿದೆ. ಅಪ್ಪ ಮುಖ ತಿರುಗಿಸಿಕೊಂಡು ಹೋದ ಎಂದು ಮಗು ತಿಳಿದುಕೊಂಡರೆ? ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ ಆ ಪುಟ್ಟ ಮುಖ ಕಣ್ಣ ಮುಂದೆ ಬಂತು. ನಗು ನಿಂತುಹೋಯಿತು. ರುದ್ರಮ್ಮನವರ ಮನೆಗೆ ಓಡಿ ಅವರ ಫೋನು ಇಸಿದುಕೊಂಡೆ. ಹೆಂಡತಿಯ ನಂಬರ್ ಬಾಯಲ್ಲಿ ಇರಲಿಲ್ಲ. ಬಾಯಲ್ಲಿದ್ದ ಒಂದೇ ನಂಬರ್ ಒತ್ತಿದೆ. ಸ್ವಿಚ್ ಆಫ್ ಎಂದು ಬಂತು. ಅದು ನನ್ನದೇ ನಂಬರ್!

"ಹೋಗೇ ಬಿಡ್ತೀನಿ ಅಕ್ಕಾರ" ಎಂದೆ.

"ಕುಬಸಕ್ಕ ಗಂಡಸರು ಹೋಗಿ ಏನ್ ಮಾಡ್ತೀರಿ ತಮ್ಮಾ?"

"ಜಡಿ ಹಾಕ್ತೀನಿ!"

ರುದ್ರಮ್ಮ ನನ್ನನ್ನೂ ನಮ್ಮ ಮನೆಯ ಕಿಟಕಿಯಲ್ಲಿ ನೇತಾಡುತ್ತಿದ್ದ ಎರಡು ಜಡೆಯ ಮಾಪನ್ನೂ ಒಮ್ಮೆ ನೋಡಿ ಒಳಗೆ ಹೋದರು.

ಕೈಚೀಲಕ್ಕೆ ಬಾಚಣಿಗೆ, ಟೇಪು, ಕೊಬ್ಬರಿ ಎಣ್ಣೆ ಬಾಟಲಿ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಅವಸರದಲ್ಲಿ ಕನ್ನಡಕ ಮನೆಯಲ್ಲೇ ಉಳಿಯಿತು. ಹೊರಡುತ್ತಿದ್ದ ಬಸ್ಸಿನ ಬೋರ್ಡಿನಲ್ಲಿ ನಡುವಿನ 'ರುಗ' ಮಾತ್ರ ಮಸುಕಾಗಿ ಕಂಡಿತು. ಹಿಂದಿನ 'ಸಿ', ಮುಂದಿನ 'ಪ್ಪ' ಎರಡನ್ನೂ ನಾನೇ ಸೇರಿಸಿಕೊಂಡು ಹತ್ತಿಬಿಟ್ಟೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಜನರ ನಡುವೆ ಈಜಿಕೊಂಡು ನನ್ನ ಹತ್ತಿರ ಬರುವಷ್ಟರಲ್ಲಿ ಊರು ದಾಟಿ ಬಹಳ ದೂರ ಬಂದಿದ್ದೆವು.

"ಸಿರುಗುಪ್ಪ ಒಂದು" ಎಂದೆ ಠೀವಿಯಿಂದ.

"ಸಿರುಗುಪ್ಪ ಕೊಡಾಕ ಬರಂಗಿಲ್ಲರೀ. ಇದು ಕುರುಗೋಡು ಬಸ್."

"ಹೌದೇನು?"

"ನಾ ಏನ್ ಸುಳ್ಳ ಹೇಳ್ತೀನೇನ್ರೀ? ದಿನಾ ಹೊಂಟೀನಿ."

ಇಳಿದು ಹಿಂದಕ್ಕೆ ಹೋಗುವುದಕ್ಕಿಂತ ಕುರುಗೋಡಿನಿಂದ ಏನಾದರೂ ಗಾಡಿ ಹಿಡಿಯುವುದೇ ವಾಸಿ ಎಂದು ಇಡೀ ಬಸ್ಸು ಸೇರಿ ತೀರ್ಮಾನಿಸಿತು. ಹಾಗೆಯೇ ಆಯಿತು. ಕುರುಗೋಡಿನಲ್ಲಿ ಸಿರುಗುಪ್ಪದ ಮಿಲ್ಲಿಗೆ ಭತ್ತ ಒಯ್ಯುವ ಒಂದು ಟೆಂಪೊ ಸಿಕ್ಕಿತು. ಡ್ರೈವರ್ ಹುಸೇನ್ ಭಾಯ್ ಬಹಳ ಒಳ್ಳೆಯವರು. ಆದರೆ ಮುಂದಿನ ಸೀಟಿನಲ್ಲಿ ಅವರ ಅತ್ತೆ ಕೂತಿದ್ದರು.

"ಮ್ಯಾಲೆ ಚೀಲದ ಮ್ಯಾಲೆ ಕುಂದರ್ರಿ ಅಣ್ಣಾ. ಗಾಳಿ ಮಸ್ತ್ ಬರ್ತದ!" ಎಂದರು.

ಗಾಳಿ ಮಸ್ತ್ ಬಂತು. ಜೊತೆಗೆ ಭತ್ತದ ಧೂಳೂ ಬಂತು. ರಸ್ತೆ ಕುಲುಕಿದಾಗಲೆಲ್ಲ ಕೈಚೀಲವನ್ನು ಎದೆಗೆ ಅವುಚಿಕೊಂಡೆ. ಎದೆ ತಣ್ಣಗಾಯಿತು. ಮಗಳ ನೆನಪಿಗೆ ಹೀಗಾಗುತ್ತಿದೆ ಎಂದುಕೊಂಡೆ. ನೋಡಿದರೆ ಎಣ್ಣೆ ಬಾಟಲಿಯ ಮುಚ್ಚಳ ಬಿಚ್ಚಿತ್ತು! ಅಂಗಿ ತುಂಬ ಕೊಬ್ಬರಿ ಎಣ್ಣೆ, ಅದರ ಮೇಲೆ ಭತ್ತದ ಹೊಟ್ಟು. ಸಿರುಗುಪ್ಪ ಬರುವಷ್ಟರಲ್ಲಿ ನಾನು ಕರಿಯಲು ಸಿದ್ಧಮಾಡಿಟ್ಟ ಯಾವುದೋ ತಿಂಡಿಯಂತೆ ಆಗಿದ್ದೆ.

ಅತ್ತೆ ಮನೆಯ ಮುಂದೆ ಸೀರೆಗಳ ಸಮುದ್ರ. ಹೆಗಲ ಮೇಲೆ ಚೀಲ, ಮೈತುಂಬ ಹೊಟ್ಟು ಹೊತ್ತು ನಾನು ಒಳಗೆ ಕಾಲಿಡುತ್ತಿದ್ದಂತೆ ಒಬ್ಬ ಹಿರಿಯ ಹೆಂಗಸು ಕೈ ಅಡ್ಡ ಹಿಡಿದಳು.

"ಏಯ್, ಮುಂಬಾಗಲದಾಗ ಬ್ಯಾಡಪ್ಪ. ಅಕ್ಕಿ ಚೀಲ ಹಿತ್ತಲಕಡಿ ಇಳಸು."

"ನಾನು ಅಳಿಯ ರೀ."

"ಯಾರ ಅಳಿಯ?"

ಅಷ್ಟರಲ್ಲಿ ಅತ್ತೆ ಹೊರಬಂದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು, ಆಮೇಲೆ ಅದೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿಂದೆ ಶಾರದಾ. ಅವಳು ಏನನ್ನೂ ಒತ್ತಿಕೊಳ್ಳಲಿಲ್ಲ, ನೇರವಾಗಿ ನಕ್ಕಳು.

"ಮಲ್ಲಿ ಎಲ್ಲಿ? ಅಳ್ತಾಳೇನು?" ಎಂದೆ.

"ಯಾಕ ಅಳ್ತಾಳ?"

ಆಗ ಮಲ್ಲಿ ಓಡಿಬಂದಳು. ಎರಡು ಜಡೆ, ಬಿಗಿಯಾಗಿ, ನೆಟ್ಟಗೆ. ಸಾಕ್ಷಾತ್ ನನ್ನ ಜಡೆ! ನಾನು ಕೈ ಚಾಚಿದೆ. ಅವಳು ಒಂದು ಮಾರು ದೂರದಲ್ಲೇ ನಿಂತು ನನ್ನ ಅಂಗಿ ನೋಡಿದಳು.

"ಅಪ್ಪಾ! ನೀ ಬರಬ್ಯಾಡ ಅಂದಿದ್ನಲ್ಲಾ!"

"ಬರ… ಬ್ಯಾಡ?"

"ಹ್ಞೂಂ. ನೀ ಬರಬ್ಯಾಡ, ನಾನ ಅಜ್ಜಿಗೆ ಕಲಿಸ್ತೀನಿ ಅಂದೆ. ನೀ ಕೇಳಲೇ ಇಲ್ಲ, ನೀರಿಗೆ ಬಿದ್ದಿ."

ಅವಳು ಅಜ್ಜಿಯನ್ನು ಕೂರಿಸಿಕೊಂಡು, "ಬಿಗಿ ಹಿಡೀಬೇಕು, ನೋವಾಗಬಾರ್ದು. ನಮ್ಮಪ್ಪ ಹಿಂಗ ಮಾಡ್ತಾನ" ಎಂದು ಒಂದೊಂದೇ ಎಳೆ ಹೇಳಿಕೊಟ್ಟಳಂತೆ. ಅದನ್ನು ನೋಡಿ ಅಲ್ಲಿದ್ದ ಹುಡುಗಿಯರೆಲ್ಲ ಅದೇ ಜಡೆ ಬೇಕೆಂದು ಸಾಲುಗಟ್ಟಿದ್ದರು. ನಾನು ತಲೆ ಎತ್ತಿ ನೋಡಿದೆ. ಅಂಗಳದ ತುಂಬ ನನ್ನ ಜಡೆಗಳೇ ಓಡಾಡುತ್ತಿದ್ದವು. ಕಣ್ಣು ಒರೆಸಿಕೊಂಡೆ. ಕೈಯಲ್ಲಿದ್ದ ಹೊಟ್ಟು ಕಣ್ಣಿಗೆ ಹೋಯಿತು. ಅಳುವುದಕ್ಕೆ ಒಳ್ಳೆಯ ನೆಪವೂ ಸಿಕ್ಕಂತಾಯಿತು.

"ಅರ್ಧ ಕೇಳ್ತೀರಿ, ಅರ್ಧ ಓದ್ತೀರಿ. ಉಳಿದ ಅರ್ಧ ನೀವ ತುಂಬಿಕೊಂಡು ಹೊಂಟು ಬಿಡ್ತೀರಿ" ಎಂದಳು ಶಾರದಾ, ನನ್ನ ಬಸ್ಸಿನ ಕಥೆ ಕೇಳಿ. ಆದರೆ ಬಿಸಿನೀರು ಕಾಯಿಸಿಟ್ಟಳು. ಮಾವನವರ ಪಂಚೆ, ಅಂಗಿ ಕೊಟ್ಟಳು. ಮಾವನವರು ನನಗಿಂತ ಒಂದೂವರೆ ಪಟ್ಟು ಅಗಲ. ಹಿತ್ತಲಲ್ಲಿ ಒಬ್ಬನೇ ಕುಳಿತು ಹೋಳಿಗೆ ತಿನ್ನುತ್ತಿದ್ದರೆ ಒಗೆದು ಹರವಿದ ಬಟ್ಟೆಯೊಂದು ಊಟ ಮಾಡುತ್ತಿರುವಂತೆ ಕಾಣುತ್ತಿತ್ತಂತೆ. ಇದು ನನ್ನ ಬಸುರಿ ನಾದಿನಿಯ ವರ್ಣನೆ. ನಕ್ಕು ನಕ್ಕು ಅವಳಿಗೆ ಅಲ್ಲೇ ಹೆರಿಗೆಯಾದೀತೆಂದು ಎಲ್ಲರೂ ಹೆದರಿದರು.

ಇಳಿಹೊತ್ತಿಗೆ ನನ್ನನ್ನು ಬಸ್ಸಿಗೆ ಕಳಿಸಲು ತಾಯಿ-ಮಗಳಿಬ್ಬರೂ ಬಂದರು. ಬೋರ್ಡನ್ನು ಮಲ್ಲಿಯೇ ಓದಿದಳು. ಒಂದೊಂದೇ ಅಕ್ಷರ, ಜೋರಾಗಿ, "ಬ-ಳ್ಳಾ-ರಿ!" ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಕೈ ಹೊರಗೆ ಹಾಕಬೇಡ ಎಂದು ಹೇಳಿ, ಕೆಳಗಿಳಿದು ಕಂಡಕ್ಟರ್ ಹತ್ತಿರ ಹೋಗಿ ಏನೋ ಮಾತಾಡಿದಳು. ನನಗೆ ಕೇಳಿಸಲಿಲ್ಲ. ಈ ಸಲ ಊಹಿಸುವ ಧೈರ್ಯವನ್ನೂ ಮಾಡಲಿಲ್ಲ.

ಕಿಟಕಿಯ ಗಾಳಿ ಹಿತವಾಗಿತ್ತು. ಹೋಳಿಗೆ ತನ್ನ ಕೆಲಸ ಮಾಡಿತು. ಗಾಢವಾಗಿ ನಿದ್ದೆ ಹೋದೆ. ಬಳ್ಳಾರಿ ಬಂದಾಗ ಕಂಡಕ್ಟರ್ ನಡುವೆ ನಿಂತು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ:

"ಯಾರ್ರೀ ಅದು, 'ನಮ್ಮಪ್ಪಗ ಊರು ಗೊತ್ತಾಗಂಗಿಲ್ಲ, ಬಳ್ಳಾರಿ ಬಂದ ಕೂಡ್ಲೇ ಎಬ್ಬಿಸಿ ಇಳಸ್ರಿ' ಅಂತ ಸಣ್ಣ ಹುಡುಗಿ ಒಪ್ಪಿಸಿ ಹೋಗ್ಯಾಳ? ಎಲ್ಲಿ ಅದಾರ ಅವರು?"

ಬಸ್ಸಿನ ಮುಖಗಳೆಲ್ಲ ತಿರುಗಿದವು. ಎಲ್ಲರೂ ಯಾರೋ ಹಣ್ಣುಹಣ್ಣು ಮುದುಕರನ್ನು ಹುಡುಕುತ್ತಿದ್ದರು. ನಾನು ಮಾವನವರ ಅಂಗಿಯೊಳಗಿಂದ ನಿಧಾನವಾಗಿ ಕೈ ಎತ್ತಿದೆ.