ಬಾಯಿಗೆ ಬಂದ ರೇಟು

ಎಲ್ಲದಕ್ಕೂ ಕಾರಣ ಬೆಳಿಗ್ಗೆ ಹೊಲದ ಬದುವಿನ ಹತ್ತಿರ ಬಂದು ನಿಂತ ಆ ಬಿಳಿ ಕಾರು. ಕಾರಿನವನು ಗಾಜು ಇಳಿಸಿ, ಬಾವಿ ಇರುವ ಪಕ್ಕದ ಹೊಲ ತೋರಿಸಿ, "ಇಲ್ಲಿ ಎಕರೆಗೆ ಏನು ನಡೀತಿದೆ?" ಎಂದು ಕೇಳಿದ. ಟೊಮೇಟೊ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದ ಗಡಿಬಿಡಿ ಕೊಡ ಅಲ್ಲೇ ಬಿಟ್ಟು ಕಾರಿನ ಹತ್ತಿರ ಓಡಿದ.

ಊರಿಗೆಲ್ಲ ಅವನು ಗಡಿಬಿಡಿ. ಹೆತ್ತವರು ಇಟ್ಟ ಹೆಸರು ಹೆಂಡತಿಗೂ ಮರೆತುಹೋಗಿದೆ. ಆ ಪಕ್ಕದ ಹೊಲ ಒಂದು ಕಾಲಕ್ಕೆ ಅವನ ತಾತನದೇ. ತಾತ ಅದನ್ನು ಒಂದು ಜೊತೆ ಎತ್ತಿಗೆ ಕೊಟ್ಟುಬಿಟ್ಟ. ಅಪ್ಪ ವಾಪಸ್ ಕೊಳ್ಳಲು ಹೋಗುವಷ್ಟರಲ್ಲಿ ಬೆಲೆ ಒಂದು ಟ್ರ್ಯಾಕ್ಟರಿನಷ್ಟಾಗಿತ್ತು. ಅಪ್ಪ ಯೋಚಿಸುತ್ತ ಕೂತ, ಬೆಲೆ ಕೂರಲಿಲ್ಲ. ಈಗ ಅದರ ಒಡೆಯರಾದ ನಿವೃತ್ತ ಮೇಷ್ಟ್ರು, "ನಿಂಗೆ ಅಂತ ಕಡಿಮೆಗೆ ಕೊಡ್ತೀನಿ, ಸಂಜೆ ಬಾ" ಎಂದಿದ್ದರು. ಗಡಿಬಿಡಿಯ ಬೋರ್‌ವೆಲ್ ಬತ್ತಿಹೋಗಿತ್ತು. ಆ ಬಾವಿ ಸಿಗದಿದ್ದರೆ ಅವನ ಬೇಸಾಯ ಅಲ್ಲಿಗೆ ಮುಗಿದಂತೆ.

ಕಾರಿನವನನ್ನು ಓಡಿಸಲೆಂದು ಬಾಯಿಗೆ ಬಂದ ರೇಟು ಹೇಳಿದ. ಹೇಳಿದ ಮೇಲೆ ಅವನಿಗೇ ತಲೆ ಸುತ್ತಿತು. ಕಾರಿನವನು "ಹಾಂ" ಎಂದು ಹೊರಟುಹೋದ.

ಅವನನ್ನು ಓಡಿಸಿದೆನೆಂಬ ಖುಷಿ ಬಹಳ ಹೊತ್ತು ಬಾಳಲಿಲ್ಲ. ಸಂಜೆಯ ಮಾತುಕತೆಗೆಂದು ಗಡ್ಡ ಬೋಳಿಸಿಕೊಳ್ಳಲು ಹೋದರೆ, ಕ್ಷೌರದವನು ಅರ್ಧಕ್ಕೇ ಕತ್ತಿ ನಿಲ್ಲಿಸಿ, "ಕೇಳಿದ್ಯಾ? ನಮ್ಮ ಕಡೆ ಎಕರೆ ರೇಟು ಎಲ್ಲಿಗೋ ಹೋಗಿದೆ. ಕಾರಲ್ಲಿ ಬಂದೋರೇ ಹೇಳಿದ್ರು," ಎಂದು ಗಡಿಬಿಡಿಯ ರೇಟನ್ನು ಗಡಿಬಿಡಿಗೇ ಒಪ್ಪಿಸಿದ.

ಪಕ್ಕದಲ್ಲಿದ್ದ ಹಾಲಿನವನು, "ಮೇಷ್ಟ್ರಿಗೆ ಲಾಟರಿ ಹೊಡೀತು ಬಿಡು. ಹೋಗಿ ಹೇಳ್ತೀನಿ," ಎಂದು ಎದ್ದ.

ಗಡಿಬಿಡಿ ಸೋಪಿನ ಮುಖದಲ್ಲೇ ಅವನ ತೋಳು ಹಿಡಿದ. "ಯಾವ ಲಾಟರಿ ಅಣ್ಣ? ಆ ಬಾವಿ ನೀರು ಉಪ್ಪು. ಮಣ್ಣು ಚೌಳು. ಹುಲ್ಲೂ ಒಲ್ಲದ ಮನಸ್ಸಿಂದ ಬೆಳೆಯುತ್ತೆ. ಇದನ್ನೂ ಹೇಳು."

"ಮತ್ತೆ ನೀನ್ಯಾಕೆ ಅದರ ಹಿಂದೆ ಬಿದ್ದಿದ್ದೀಯ?"

"ತಾತನ ಹೊಲ ಅಂತ, ಅಷ್ಟೇ."

ಹಾಲಿನವನೊಬ್ಬನಿಗೆ ಹೇಳಿ ಅವನಿಗೆ ಸಮಾಧಾನವಾಗಲಿಲ್ಲ. ಗೊಬ್ಬರದಂಗಡಿಗೆ ಓಡಿದ, ಹಿಟ್ಟಿನ ಗಿರಣಿಗೆ ಓಡಿದ. ಒಂದೊಂದು ಬಾಗಿಲಿಗೂ ನೀರು ಇನ್ನಷ್ಟು ಉಪ್ಪಾಯಿತು. ಗಿರಣಿಯ ಹೊತ್ತಿಗೆ ಬಾವಿಯಲ್ಲಿ ಹಾವುಗಳೂ ಸೇರಿಕೊಂಡವು.

ಸಂಜೆ ಮೇಷ್ಟ್ರು ಪ್ರೀತಿಯಿಂದಲೇ ಕೂರಿಸಿದರು. "ರೇಟಿನ ಸುದ್ದಿ ನಂಗೂ ಬಂತಪ್ಪ. ಆದ್ರೆ ಮಾತು ಅಂದ್ರೆ ಮಾತು, ಹಳೇ ರೇಟಿಗೇ ಕೊಡೋಣ ಅಂತಿದ್ದೆ."

ಗಡಿಬಿಡಿಗೆ ಹೋದ ಜೀವ ಬಂದಂತಾಯಿತು.

"ಅಷ್ಟರಲ್ಲಿ ಊರೇ ಬಂದು ಹೇಳ್ತು. ಉಪ್ಪು ನೀರು, ಚೌಳು ಮಣ್ಣು, ಹಾವು. ನಾನು ಆ ಕಡೆ ಹೋಗಿ ಎಷ್ಟು ವರ್ಷ ಆಯ್ತೋ. ಬೇಸಾಯ ನಂಬಿದೋನ ತಲೆಗೆ ಅಂಥದ್ದನ್ನ ಕಟ್ಟಿದ್ರೆ ನಂಗೆ ನಿದ್ದೆ ಬರುತ್ತಾ?"

"ಅದೆಲ್ಲ ಸುಳ್ಳು ಮೇಷ್ಟ್ರೇ. ನೀರು ಸಕ್ಕರೆ ಹಾಗಿದೆ."

"ದಾಕ್ಷಿಣ್ಯ ಬೇಡ. ನೀನೇ ಹೇಳಿದ್ದು ಅಂತ ಹಾಲಿನವನು ಹೇಳಿದ. ಅದಕ್ಕೇ ಮಧ್ಯಾಹ್ನ ಆ ಕಾರಿನವರಿಗೆ ಕೊಟ್ಟೆ. ಮುಚ್ಚುಮರೆ ಇಲ್ಲದೆ ಎಲ್ಲಾ ಹೇಳ್ದೆ. ಅವರು ನಕ್ಕುಬಿಟ್ರು."

"ಯಾಕೆ?"

"ಅವರೇನು ಬೆಳೆ ಬೆಳೀತಾರಾ? ಸೈಟು ಮಾಡ್ತಾರೆ. ಬಾವಿ ಮುಚ್ಚೋಕೆ ನಾಳೆನೇ ಮಣ್ಣಿನ ಲಾರಿ ಬರುತ್ತಂತೆ. ಪಕ್ಕದ ಹೊಲದವರು ಹೇಳಿದ ರೇಟು ಅಂತ, ಚೌಕಾಸಿನೂ ಮಾಡ್ಲಿಲ್ಲ." ಮೇಷ್ಟ್ರು ಅವನ ಬೆನ್ನು ತಟ್ಟಿದರು. "ಸದ್ಯ, ನೀನು ಪಾರಾದೆಯಲ್ಲ."