ಬಣವೆಗೆ ಮೂರು ಸುತ್ತು

"ಅವ್ವಾ, ಅಜ್ಜ ಬಣವಿ ಸುತ್ತ ಪ್ರದಕ್ಷಿಣಿ ಯಾಕ ಹಾಕಾಕತ್ಯಾನ?"

ಐದು ವರ್ಷದ ಕವಿತಾ ಕೇಳಿದ ಪ್ರಶ್ನೆಗೆ ಶಿವಲೀಲಾ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಪುಣ್ಯ ಬರ್ಲಿ ಅಂತ" ಎಂದುಬಿಟ್ಟಳು. ಮಕ್ಕಳ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು, ಸರಿಯೋ ತಪ್ಪೋ ಆಮೇಲೆ ನೋಡಿಕೊಂಡರಾಯಿತು ಎಂಬುದು ಅವಳ ಸಿದ್ಧಾಂತ. ಆಮೇಲೆ ಹೊರಗೆ ಬಂದು ನೋಡಿದರೆ, ಮಾವ ಗವಿಸಿದ್ದಪ್ಪನವರು ಪುಟ್ಟ ಟ್ರ್ಯಾಕ್ಟರಿನ ಮೇಲೆ ಪಟ್ಟಾಭಿಷೇಕಕ್ಕೆ ಕೂತವರಂತೆ ಕೂತು, ಒಣಗಲು ಹಾಕಿದ್ದ ಅವಳ ಇಳಕಲ್ ಸೀರೆಯನ್ನು ಅದರ ಮೂತಿಗೆ ಹೊದಿಸಿಕೊಂಡು, ಮೇವಿನ ಬಣವೆಗೆ ಎರಡನೇ ಸುತ್ತು ಹಾಕುತ್ತಿದ್ದರು.

"ಮಾವಾರ, ಪೆಡಲ್ ಮ್ಯಾಲಿಂದ ಕಾಲು ತಗೀರಿ!"

"ತಗದೀನವಾ! ಕಾಲು ನನ್ನ ಮಾತು ಕೇಳೈತಿ, ಇದು ಕೇಳವಲ್ದು!"

ಮೂರನೇ ಸುತ್ತಿಗೆ ಕೀಲಿ ತಿರುವಬೇಕೆಂಬುದು ನೆನಪಾಗಿ ಇಂಜಿನ್ ಆರಿಸಿದರು. ಟ್ರ್ಯಾಕ್ಟರ್ ನಿಂತಿತು.

ಮೊಣಕಾಲು ನೋವಿನಿಂದ ದೊಡ್ಡ ಟ್ರ್ಯಾಕ್ಟರಿನ ಕ್ಲಚ್ ತುಳಿಯಲಾಗದ ಮಾವನವರಿಗೆಂದೇ ಎರಡು ವರ್ಷದ ಹಿಂದೆ ತಂದ ಗಾಡಿ ಅದು. ಕ್ಲಚ್ ತುಳಿಯುವ ಕಷ್ಟವಿಲ್ಲ, ಗೇರಿನ ಗೋಜಿಲ್ಲ. ಒಂದು ಪೆಡಲ್ ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ, ಕಾಲು ತೆಗೆದರೆ ನಿಲ್ಲಬೇಕು. ಅದು ಬಂದಮೇಲೆ ಎಪ್ಪತ್ತರ ಮುದುಕರು ದಾಳಿಂಬೆ ಸಾಲಿನೊಳಗೆ ಹುಡುಗರಂತೆ ಓಡಾಡುತ್ತಿದ್ದರು. (ಮೊಣಕಾಲಿನ ಆರೈಕೆಯೂ ತಪ್ಪಿರಲಿಲ್ಲ. ದಿನಾ ಸಂಜೆ ಶಿವಲೀಲಾ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿ ಕಳಿಸುತ್ತಿದ್ದಳು, ಕವಿತಾ ತಿಕ್ಕುತ್ತಿದ್ದಳು.)

ಮಧ್ಯಾಹ್ನ ಕುಷ್ಟಗಿಯ ಶಾಲೆಯಿಂದ ಬಂದ ಪ್ರಭುರಾಜ ಮಾಸ್ತರ, ಅಂದರೆ ಅವಳ ಗಂಡ, ಎಲ್ಲ ಕೇಳಿ ತೀರ್ಪು ಕೊಟ್ಟ.

"ಪೆಡಲಿಗೆ ಏನೂ ಆಗಿಲ್ಲ. ಅಪ್ಪನ ಕಾಲು ಬಿಗದೈತಿ. ಕಾಲು ಎತ್ತೀನಿ ಅನ್ಕೋತಾರ, ಎತ್ತಿರಂಗಿಲ್ಲ. ನಾಳೆ ಹಿಟ್ನಾಳದವರು ಗಾಡಿ ನೋಡಾಕ ಬರ್ತಾರ. ಕೊಟ್ಟು ಬಿಡೂಣು."

ಕೀಲಿ ಅವನ ಅಂಗಿಯ ಕಿಸೆ ಸೇರಿತು. ಮಾವ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು ಮುರಿದು ಇಟ್ಟರು. ಶಿವಲೀಲಾಳಿಗೆ ತಡೆಯಲಾಗಲಿಲ್ಲ.

"ಗಾಡಿ ಮಾರಿ ಅವರನ್ನ ಕಟ್ಟಿ ಮ್ಯಾಲ ಕುಂಡ್ರಸ್ತೀರೇನು? ನಾನ ಕಣ್ಣಾರೆ ನೋಡೀನಿ, ಕಾಲು ಪೆಡಲ್ ಮ್ಯಾಲ ಇರ್ಲಿಲ್ಲ."

"ನೀ ಮಾವನ ಪಾರ್ಟಿ. ಅಲ್ಲದ ನೀನೇನು ಮೆಕ್ಯಾನಿಕ್ಕಾ?"

"ಮಿಕ್ಸಿ ಯಾರು ರಿಪೇರಿ ಮಾಡಿದ್ರು?"

"ಆವಾಗಿಂದ ಅದು ಬಂದ್ ಮಾಡಿದ್ರ ತಿರಗತೈತಿ, ಚಾಲೂ ಮಾಡಿದ್ರ ನಿಲ್ಲತೈತಿ!"

ಶಿವಲೀಲಾ ತನ್ನ ದಿನಚರಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. ಕವಿತಾಳ ಹಾಲುಹಲ್ಲು ಬಿದ್ದ ದಿನದಿಂದ ಹಿಡಿದು ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನದವರೆಗೆ ಆ ಮನೆಯ ಸಮಸ್ತ ಇತಿಹಾಸ ಅದರಲ್ಲಿತ್ತು. "ನಾಳೆ ಹಿಟ್ನಾಳದವರು ಬರೂದ್ರೊಳಗ ತಪ್ಪು ಯಾರದು ಅಂತ ಹುಡುಕಿ, ಅವರ ಹೆಸರು ಇದರಾಗ ಕೆಂಪು ಶಾಯಿಲೆ ಬರದು, ಎಲ್ಲಾರ ಮುಂದ ಓದ್ತೀನಿ. ಇದು ಖರೇ!"

ಮರುದಿನ ರವಿವಾರ. ಬೆಳಿಗ್ಗೆಯೇ ಮೆಕ್ಯಾನಿಕ್ ರಸೂಲಸಾಬನಿಗೆ ಫೋನು ಹೋಯಿತು.

"ಅಕ್ಕಾರ, ಇಂಜಿನ್ ಬಂದ್ ಇಟ್ಟು ಪೆಡಲ್ ಕೈಲೆ ಒತ್ತಿ ಬಿಡ್ರಿ. ತಾನಾಗೇ ಮ್ಯಾಲ ಬರಬೇಕು. ಬರ್ಲಿಲ್ಲಂದ್ರ ಮೊದಲ ಕಾಲ ಕೆಳಗಿನ ಮ್ಯಾಟ್ ನೋಡ್ರಿ, ಆಮ್ಯಾಲ ಸ್ಪ್ರಿಂಗು, ಆಮ್ಯಾಲ ಪೆಡಲ್ ತಿರಗೋ ಸರಳು."

ಒತ್ತಿದಳು. ಹಿರಿಯರ ಕಾಲಿಗೆ ಬಿದ್ದ ಹೊಸ ಸೊಸೆಯಂತೆ ಪೆಡಲ್ ಬಗ್ಗಿತು. ಏಳಲೇ ಇಲ್ಲ.

"ನೋಡ್ರಿ ಮಾಸ್ತರ! ಈಗ ಯಾರ ಕಾಲು ಐತಿ ಇದರ ಮ್ಯಾಲ?"

ಮಾಸ್ತರ ಮಗ್ಗಿ ಮರೆತ ಹುಡುಗನಂತೆ ಆಕಾಶ ನೋಡಿದ. ಕಟ್ಟೆಯ ಮೇಲಿದ್ದ ಗವಿಸಿದ್ದಪ್ಪನವರ ಬೆನ್ನು ನೆಟ್ಟಗಾಯಿತು.

ಶಿವಲೀಲಾ ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಅವಳ ವಿಜಯದಲ್ಲೇ ಮುಗಿಯುತ್ತಿತ್ತು. ಆದರೆ ಅಪರಾಧಿ ಇನ್ನೂ ಸಿಕ್ಕಿರಲಿಲ್ಲವಲ್ಲ! ಮ್ಯಾಟ್ ಎತ್ತಿದಳು: ಒಂದು ಹರಳು, ಕವಿತಾಳ ಮುರಿದ ಬಳಪ, ಮತ್ತೇನಿಲ್ಲ. ಸ್ಪ್ರಿಂಗ್ ಜಗ್ಗಿ ನೋಡಿದಳು, ಗಟ್ಟಿಯಾಗಿತ್ತು.

"ಹಂಗಾರ ತುಕ್ಕು! ಹೋದ ವಾರ ಪೈಪ್ ಹಿಡದು ಗಾಡಿ ತೊಳದವರು ನೀವ ಅಲ್ಲೇನ್ರಿ ಮಾಸ್ತರ? ಕವಿತಾ, ಕೆಂಪು ಪೆನ್ನು ತಗೊಂಬಾ."

ಸೆರಗು ಸಿಕ್ಕಿಸಿ, ಮಗ್ಗುಲಾಗಿ ಮಲಗಿ, ಸರಳಿಗೆ ಟಾರ್ಚ್ ಬಿಟ್ಟಳು. ತುಕ್ಕು ಇರಲಿಲ್ಲ. ಜೇನಿನ ಬಣ್ಣದ, ಧೂಳು ಮೆತ್ತಿದ ದಪ್ಪ ಅಂಟು ಇತ್ತು. ಉಗುರಿನಿಂದ ಕೆರೆದು ಮೂಸಿ ನೋಡಿದಳು. ಕೈ ಅಲ್ಲೇ ನಿಂತಿತು.

ಈ ಅಂಟಿನ ತವರುಮನೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಯ ಕುಸುಬಿ ಎಣ್ಣೆ ಡಬ್ಬಿಯ ಬಾಯಿಯಿಂದ ಹದಿನೈದು ದಿನಕ್ಕೊಮ್ಮೆ ಬಿಸಿನೀರು ಹಾಕಿ ಕೆರೆದು ತೆಗೆಯುವುದು ಇದನ್ನೇ. ಸೋರಿದ ಕುಸುಬಿ ಎಣ್ಣೆ ಒಣಗಿದರೆ ಗೋಂದು!

"ಏನ ಸಿಕ್ತು?" ಎಂದ ಪ್ರಭುರಾಜ.

"ಏನಿಲ್ಲರಿ... ಸಣ್ಣ ಜಿಗಿ."

"ಯಾವಾಗಿಂದ ಐತಿ ನೋಡೂಣು. ಎಲ್ಲಾ ಬರದಿರ್ತೀಯಲ್ಲ!" ಅವಳು ಏಳುವುದರೊಳಗೆ ಅವನು ದಿನಚರಿ ತೆರೆದು, ಪಾಠ ಓದುವ ದನಿಯಲ್ಲಿ ಶುರುಮಾಡಿದ್ದ. "'ಅಮಾವಾಸ್ಯೆ. ಗಾಡಿ ಪೂಜೆ ಮಾಡಿದೆ. ಪೆಡಲ್ ಕಿರ್ರೆನ್ನುತ್ತಿತ್ತು. ಕವಿತಾಳ ತೊಟ್ಟಿಲ ಕೊಂಡಿಗೆ ಹಾಕುತ್ತಿದ್ದ ಹಾಗೆ ಅದಕ್ಕೂ ಎರಡು ಚಮಚ ಕುಸುಬಿ ಎಣ್ಣೆ ಹಾಕಿದೆ. ಪಾಪ, ಮಾವನವರ ಕಾಲಿಗೆ ಹಗುರಾಗಲಿ.'" ಹಾಳೆ ತಿರುವಿದ. "'ಅಮಾವಾಸ್ಯೆ. ಮತ್ತೆ ಎರಡು ಚಮಚ.'" ಇನ್ನೊಂದು. "'ಅಮಾವಾಸ್ಯೆ. ಪೆಡಲ್ ಯಾಕೋ ಬಿಗಿ. ನಾಲ್ಕು ಚಮಚ.'"

"ಅವ್ವಾ, ಕೆಂಪು ಪೆನ್ನು!" ಎಂದು ಕವಿತಾ ಓಡಿಬಂದಳು.

ಶಿವಲೀಲಾ ಕೊಟ್ಟ ಮಾತಿಗೆ ತಪ್ಪುವವಳಲ್ಲ. ತನ್ನ ಹೆಸರನ್ನು ತಾನೇ ದುಂಡಗೆ ಬರೆದು, ಎಲ್ಲರ ಮುಂದೆ ಓದಿ, ಡೀಸೆಲ್ ಅದ್ದಿದ ಅರಿವೆಯಿಂದ ಸರಳನ್ನು ಉಜ್ಜಲು ಕೂತಳು. ಅಂಟು ಬಿಟ್ಟು ಗ್ರೀಸ್ ಬಿದ್ದಮೇಲೆ ಪೆಡಲ್ ಒತ್ತಿದರೆ, ಬಿಟ್ಟ ಕೂಡಲೇ ಟಕ್ಕೆಂದು ಎದ್ದು ನಿಂತಿತು. ಪ್ರಭುರಾಜ ಹಿಟ್ನಾಳಕ್ಕೆ ಫೋನ್ ಮಾಡಿ "ಬರಬ್ಯಾಡ್ರಿ" ಎಂದ. ಕಿಸೆಯಿಂದ ಕೀಲಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟ. ಗವಿಸಿದ್ದಪ್ಪನವರು ಬಣವೆಗೆ ಒಂದೇ ಒಂದು ಸುತ್ತು ಹಾಕಿ, ಸೊಸೆಯ ಸೀರೆಗೆ ಒಂದು ಗೇಣು ಈಚೆಗೇ ನಿಲ್ಲಿಸಿ ತೋರಿಸಿದರು.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕೆಮ್ಮಿದ ಸದ್ದು. ಒಲೆಯ ಮೇಲೆ ಬೆಳ್ಳುಳ್ಳಿ ಚಟಪಟ ಅನ್ನುತ್ತಿತ್ತು.

"ಒಂದು ಉಪಕಾರ ಮಾಡ್ತಿಯೇನವಾ?"

"ಹೇಳ್ರಿ ಮಾವಾರ."

"ದಿನಾ ನನ್ನ ಮೊಣಕಾಲಿಗೆ ಕಾಸಿ ಕಳಸ್ತೀಯಲ್ಲ, ಅದೂ ಇದ ಡಬ್ಬೀದೇನು?"

ಶಿವಲೀಲಾ ಡಬ್ಬಿ ನೋಡಿದಳು, ಮಾವನವರ ಮೊಣಕಾಲು ನೋಡಿದಳು, ಹೌದೆಂದು ತಲೆಯಾಡಿಸಿದಳು.

"ಹಂಗಾರ ಇವತ್ತಿಂದ ಅದನ್ನ ಒಗ್ಗರಣಿಗೆ ಅಷ್ಟ ಹಾಕು." ಅವರು ಹೊರಡಲು ತಿರುಗಿ, ಮತ್ತೆ ನಿಂತರು. "ಮತ್ತ ಆ ಡೀಸೆಲ್ ಅರಬಿ ಐತಲ್ಲ, ಅದನ್ನ ಒಗೀಬ್ಯಾಡ. ಒಂದು ಸಲ ಇಲ್ಲಿ ಕೊಡು."